ಕಲ್ಲಿನೊಳಗಿನ ಎಲೆ ನಿಜವಾದ ಎಲೆಯೇ?

ಪ್ರಶ್ನೆ: ನಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಸಿಕ್ಕ ಚಪ್ಪಡಿಯನ್ನು ಸೀಳಿದಾಗ ಒಳಮೈಯಲ್ಲಿ ಜರೀಗಿಡದ ಎಲೆಯಂಥ ಕಪ್ಪು ಗುರುತು ಕಾಣಿಸಿತು. ಫೋಟೊ ಕಳಿಸಿದ್ದೇನೆ. ಇದು ಪಳೆಯುಳಿಕೆಯೇ? ಅಲ್ಲವಾದರೆ, ಪಳೆಯುಳಿಕೆ ಸಿಗದ ನಮ್ಮ ಕಡೆಯ ಬಂಡೆಗಳ ವಯಸ್ಸನ್ನು ಹೇಗೆ ಹೇಳುತ್ತಾರೆ?
– ಓದುಗರೊಬ್ಬರು, ಚಿಕ್ಕನಾಯಕನಹಳ್ಳಿ

ಉತ್ತರ: ಫೋಟೊದಲ್ಲಿರುವುದು ಎಲೆಯಲ್ಲ, ಮ್ಯಾಂಗನೀಸ್ ಆಕ್ಸೈಡ್ ಮೂಡಿಸಿದ ಗೆರೆಗಳು. ಇವಕ್ಕೆ ಡೆಂಡ್ರೈಟ್ ಎಂಬ ಹೆಸರಿದೆ. ಮ್ಯಾಂಗನೀಸ್ ಅದಿರಿಗೆ ಹೆಸರಾದ ನಿಮ್ಮ ತಾಲ್ಲೂಕಿನಲ್ಲಿ ಸಿಕ್ಕಿದ್ದು ಆಶ್ಚರ್ಯವೇನಲ್ಲ. ಬಂಡೆಯ ಬಿರುಕಿಗಿಳಿದ ನೀರು ತನ್ನಲ್ಲಿ ಕರಗಿದ್ದ ಖನಿಜವನ್ನು ಅಲ್ಲೇ ಬಿಡುವಾಗ ಅದು ಕವಲೊಡೆಯುತ್ತ ಹರಡುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಎಲೆಗಿರುವಂಥ ನಡುನರವಿಲ್ಲ, ಎರಡು ಬದಿಯ ಕವಲುಗಳಿಗೆ ಹೊಂದಾಣಿಕೆಯಿಲ್ಲ, ಎಲ್ಲವೂ ಬಿರುಕಿನ ಅಂಚಿನಿಂದಲೇ ಹೊರಟಿವೆ. ಇದಕ್ಕಿಂತ ದೊಡ್ಡ ತೊಡಕು ಕಾಲದ್ದು. ನಿಮ್ಮ ಭಾಗದ ಶಿಲಾಪದರಗಳು 250 ಕೋಟಿ ವರ್ಷಗಳಿಗೂ ಹಿಂದಿನವು; ನೆಲದ ಮೇಲೆ ಸಸ್ಯಗಳು ತಲೆಯೆತ್ತಿದ್ದಾದರೋ ಸುಮಾರು 47 ಕೋಟಿ ವರ್ಷಗಳ ಹಿಂದೆ.

ಪಳೆಯುಳಿಕೆಗಳಿಂದ ಪದರಗಳನ್ನು ಗುರುತಿಸುವ ಪದ್ಧತಿಗೆ ತಳಹದಿ ಹಾಕಿದವರು ಇಂಗ್ಲೆಂಡಿನಲ್ಲಿ ಕಾಲುವೆಗಳಿಗಾಗಿ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್. ಒಂದೊಂದು ಪದರಕ್ಕೂ ಅದರದೇ ಚಿಪ್ಪುಗಳಿವೆ, ಊರು ಬದಲಾದರೂ ಅವುಗಳ ಅನುಕ್ರಮ ಬದಲಾಗದು ಎಂಬುದನ್ನು ಕಂಡುಕೊಂಡ ಅವರ ನಕ್ಷೆ 1815ರಲ್ಲಿ ಪ್ರಕಟವಾಯಿತು. ತಮಿಳುನಾಡಿನ ಅರಿಯಲೂರಿನಲ್ಲಿ ಅಮೊನೈಟ್ ಎಂಬ, ಈಗ ಅಳಿದುಹೋಗಿರುವ ಕಡಲಜೀವಿಗಳ ಚಿಪ್ಪುಗಳು ಈ ಕೆಲಸ ಮಾಡಿಕೊಡುತ್ತವೆ. ಚಿಪ್ಪಿನ ಪ್ರಾಣಿಗಳೇ ಇನ್ನೂ ಹುಟ್ಟಿರದಿದ್ದ ಕಾಲದ ಬಂಡೆಗಳಲ್ಲಿ ಅದು ನಡೆಯದು.

ಹಾಗೆಂದು ತುಮಕೂರು ಜಿಲ್ಲೆಯ ಶಿಲೆಗಳಲ್ಲಿ ಜೀವದ ಕುರುಹೇ ಇಲ್ಲವೆನ್ನುವಂತಿಲ್ಲ. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿ ಸುತ್ತ ಸ್ಟ್ರೊಮ್ಯಾಟೊಲೈಟ್‌ಗಳು ವರದಿಯಾಗಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆಯ ಮೇಲೆ ಕೆಸರು ಕೂತು, ಕೆಸರಿನ ಮೇಲೆ ಮತ್ತೆ ಪೊರೆ ಬೆಳೆದು, ದೋಸೆ ಪೇರಿಸಿದಂತೆ ಏರಿದ ಪದರಗಳಿವು. ನೋಡಲು ನಿಮ್ಮ ಚಪ್ಪಡಿಯಷ್ಟು ಚೆಂದವಲ್ಲದಿದ್ದರೂ ಜೀವಿಗಳು ಕಟ್ಟಿದ್ದು ಇವನ್ನೇ.

ಇನ್ನು ವರ್ಷಗಳ ಲೆಕ್ಕ. ಅದು ಸಿಗುವುದು ಜಿರ್ಕಾನ್ ಎಂಬ ಖನಿಜದಿಂದ. ಶಿಲಾರಸ ಗಟ್ಟಿಯಾಗುವಾಗ ಹುಟ್ಟುವ ಈ ಪುಟ್ಟ ಹರಳು ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದ್ದರಿಂದ ಇಂದು ಅದರಲ್ಲಿ ಕಾಣುವ ಸೀಸದ ಬಹುಪಾಲು ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷವೆಂದು ತಿಳಿದಿರುವುದರಿಂದ, ಎರಡರ ಪ್ರಮಾಣವನ್ನು ಅಳೆದರೆ ಹರಳು ಹುಟ್ಟಿದ ಕಾಲ ಹೊರಬರುತ್ತದೆ. ಮಧುಗಿರಿ ಬೆಟ್ಟವನ್ನೊಳಗೊಂಡ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದೆಂದೂ ಅದರ ಪಶ್ಚಿಮಕ್ಕಿರುವ ನೈಸ್ ಎಂಬ ಪಟ್ಟೆಪಟ್ಟೆ ಶಿಲೆಯ ಹಲವು ಭಾಗಗಳು 300 ಕೋಟಿ ವರ್ಷಕ್ಕೂ ಹಳೆಯವೆಂದೂ ಗೊತ್ತಾದದ್ದು ಹೀಗೆಯೇ.

ಯಾವುದು ಮೊದಲು, ಯಾವುದು ಆಮೇಲೆ ಎಂದಷ್ಟೇ ತಿಳಿಯಲು ಪ್ರಯೋಗಾಲಯವೂ ಬೇಕಿಲ್ಲ. ಈ ಗ್ರಾನೈಟಿನ ಕ್ವಾರಿಗಳಲ್ಲಿ ದಪ್ಪ ಗುಲಾಬಿ ಹರಳುಗಳ ನಡುವೆ ಪಟ್ಟೆಪಟ್ಟೆಯ ಬೂದುಬಣ್ಣದ ನೈಸ್ ತುಂಡುಗಳು ಸಿಕ್ಕಿಕೊಂಡಿರುವುದನ್ನು ಕಾಣಬಹುದು. ಒಳಗೆ ಸಿಕ್ಕಿಬಿದ್ದದ್ದು ತನ್ನನ್ನು ಸುತ್ತುವರಿದದ್ದಕ್ಕಿಂತ ಹಳೆಯದಾಗಿರಲೇಬೇಕು. ಎರಡನ್ನೂ ಸೀಳಿಕೊಂಡು ಹೋದ ಕಪ್ಪು ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆ) ಕಂಡರೆ ಅದು ಎರಡಕ್ಕಿಂತಲೂ ಕಿರಿಯದು.