ಗೋವಾದ ಅಂಜುನಾ ಬಂಡೆಗಳ ಮೇಲೆ ಕಡುಗೆಂಪು ಹಾಸಿನಂತೆ ಬೆಳೆಯುವ ಸಣ್ಣ ಪಾಚಿ ಯಾವುದು? ಒಣಗಿಸಿದರೆ ಬಣ್ಣವೇಕೆ ಹೋಗುತ್ತದೆ?

ಒಂದೆರಡು ಸೆಂ.ಮೀ. ಎತ್ತರ, ಒತ್ತಾದ ಹಾಸು, ಮುಟ್ಟಿದರೆ ಬಿರುಸು: ಇವು ಈ ಪಾಚಿಯ ಲಕ್ಷಣಗಳು. ಇವಕ್ಕೆ ಹೆಚ್ಚು ಹೊಂದುವುದು ಜೆಲಿಡಿಯಮ್ ಪುಸಿಲ್ಲಮ್ ಎಂಬ ಕೆಂಪು ಪಾಚಿ. ಬುಡದಲ್ಲಿ ದುಂಡನೆಯ ಹಂಬು ಬಂಡೆಗೆ ಅಂಟಿ ಹರಿದಿರುತ್ತದೆ, ಅದರಿಂದ ಸುಮಾರು 1 ಮಿ.ಮೀ. ಅಗಲದ ಚಪ್ಪಟೆ ಎಸಳುಗಳು ಏಳುತ್ತವೆ. ಕೈಯಿಂದ ಕಿತ್ತರೆ ಹಂಬು ಬಂಡೆಯಲ್ಲೇ ಉಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಚಾಕುವಿನಿಂದ ಬುಡಸಮೇತ ಕೆರೆದು ತೆಗೆಯಿರಿ.

ಹೊರರೂಪ ನೋಡಿ ಮಾತ್ರ ಹೆಸರಿಡಬೇಡಿ. ಜಾಗ ಬದಲಾದಂತೆ ಇದರ ಆಕಾರವೂ ಬದಲಾಗುತ್ತದೆ, ಮೇಲಾಗಿ ಜೆಲಿಡಿಯೆಲ್ಲಾ ಎಂಬ ಇನ್ನೊಂದು ಕೆಂಪು ಪಾಚಿ ಕೂಡ ಹೀಗೇ ಕಾಣುತ್ತದೆ. ಬ್ಲೇಡಿನಿಂದ ತೆಳುವಾಗಿ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ: ಜೀವಕೋಶಗಳ ನಡುವೆ ದಪ್ಪಗೋಡೆಯ, ಹೊಳೆಯುವ ಸಣ್ಣ ಎಳೆಗಳು (ರೈಜೀನ್) ಕಂಡರೆ ಜೆಲಿಡಿಯಮ್. ಜೆಲಿಡಿಯೆಲ್ಲಾದಲ್ಲಿ ಅವು ಇರುವುದಿಲ್ಲ.

ಬಣ್ಣ ಹೋಗುವುದು ಹೆಚ್ಚಾಗಿ ನಲ್ಲಿ ನೀರಿನಿಂದ. ಸಿಹಿನೀರಿನಲ್ಲಿ ನೆನೆದರೆ ಕೋಶಗಳು ಒಡೆದು, ನೀರಿನಲ್ಲಿ ಕರಗುವ ಕೆಂಪು ವರ್ಣದ್ರವ್ಯ ಫೈಕೋಎರಿತ್ರಿನ್ ಸೋರಿಹೋಗುತ್ತದೆ. ಬಿಸಿಲೂ ಬೇಡ. ಮರಳನ್ನು ಸಮುದ್ರದ ನೀರಿನಲ್ಲೇ ತೊಳೆದು, ತಟ್ಟೆಯಲ್ಲಿ ತೇಲಿಸಿ, ದಪ್ಪ ಕಾಗದದ ಮೇಲೆ ಎತ್ತಿಕೊಳ್ಳಿ. ಮೇಲೆ ತೆಳು ಹತ್ತಿಬಟ್ಟೆ ಹೊದಿಸಿ ಬ್ಲಾಟಿಂಗ್ ಪೇಪರ್ ನಡುವೆ ಭಾರ ಹೇರಿ. ಬಟ್ಟೆ ಇಲ್ಲದಿದ್ದರೆ ಎಸಳು ಬ್ಲಾಟಿಂಗ್ ಪೇಪರಿಗೇ ಅಂಟುತ್ತದೆ. ಪೇಪರನ್ನು ದಿನಾ ಬದಲಿಸಲೇಬೇಕು, ಕರಾವಳಿಯ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಆ ಬಂಡೆಗಳಿಗೆ ಇಳಿಯಬೇಡಿ.