ಎಸೆದ ಕೂಡಲೇ ಮೂತಿ ಎತ್ತಿ ಎಡಕ್ಕೆ ಮಗುಚುವ ಫೋಮ್ ಹರಿಕೇನ್

ನಿಮ್ಮ ಹರಿಕೇನ್, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ ಫೋಮ್ ರಿಮೋಟ್ ಮಾದರಿ, ಕೈಯಿಂದ ಎಸೆದ ಕೂಡಲೇ ಮೂತಿ ಎತ್ತಿ ಎಡಕ್ಕೆ ಮಗುಚುತ್ತದೆ ಅಂದಿರಿ. ಮೂತಿ ಎತ್ತೋದಕ್ಕೆ ಬಾಲದ ಭಾರ ಜಾಸ್ತಿಯಾಗಿರೋದು ಕಾರಣ ಅನಿಸುತ್ತದೆ. ಬ್ಯಾಟರಿ ಕೂರಿಸಿ, ವಿಮಾನವನ್ನು ಅಂಗಾತ ತಿರುಗಿಸಿ. ಹರಿಕೇನ್‌ಗೆ ರೆಕ್ಕೆ ಕೆಳಗಿರುತ್ತದೆ, ನೆಟ್ಟಗೆ ಹಿಡಿದರೆ ಸುಮ್ನೆ ಹೊರಳುತ್ತದೆ. ರೆಕ್ಕೆಯ ಸರಾಸರಿ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ ಎರಡು ಬೆರಳಲ್ಲಿ ಎತ್ತಿ. ಮೂತಿ ತುಸು ಕೆಳಗೆ ವಾಲಬೇಕು. ವಾಲದಿದ್ದರೆ ಬ್ಯಾಟರಿ ಮುಂದಕ್ಕೆ ತಳ್ಳಿ, ಸಾಲದಿದ್ದರೆ ಮೂತಿಯೊಳಗೆ ಸೀಸ ಅಂಟಿಸಿ.

ಎಡಕ್ಕೆ ಮಗುಚೋದು ಮೋಟಾರಿನ ಟಾರ್ಕೋ (ಪ್ರೊಪೆಲ್ಲರ್ ತಿರುಗುವಾಗ ವಿಮಾನವನ್ನು ಎದುರು ದಿಕ್ಕಿಗೆ ಹೊರಳಿಸುವ ಬಲ), ರೆಕ್ಕೆ ಸೊಟ್ಟಗಿರುವುದೋ, ಇಲ್ಲಿಂದ ಹೇಳೋದು ಕಷ್ಟ. ಹಿಂದಿನಿಂದ ನೋಡಿ. ರೆಕ್ಕೆ ಸರಿಯಿದ್ದರೆ ಮೋಟಾರಿನ ಎಡ ಸ್ಕ್ರೂಗಳ ಕೆಳಗೆ ಒಂದೊಂದು ವಾಷರ್ ಹಾಕಿ, ಮೋಟಾರಿನ ಮೂತಿ 2 ಡಿಗ್ರಿ ಬಲಕ್ಕೆ ತಿರುಗಲಿ.

ವಿಜಯಪುರದ ಮಧ್ಯಾಹ್ನದ ಗಾಳಿ ಬೇಡ. ಬೆಳಿಗ್ಗೆ ಬೇಗ, ಜೋಳ ಕೊಯ್ದ ಹೊಲದಲ್ಲಿ, ಗಾಳಿಗೆ ಎದುರಾಗಿ ಎಸೆಯಿರಿ. ಬಿರುಕು ಬಿಟ್ಟ ಎರೆ ನೆಲದಲ್ಲಿ ಇಳಿಸಬೇಡಿ, ನನ್ನದೊಂದು ಚಕ್ರ ಅಲ್ಲೇ ಮುರಿದಿತ್ತು.