ರಜೆ ಮಕ್ಕಳಿಗೆ, ಕಾವಲು ಯಾರಿಗೆ?

ಪ್ರಶ್ನೆ: ನಾನು ಮೈಸೂರಿನ ಸಹಕಾರಿ ಬ್ಯಾಂಕೊಂದರಲ್ಲಿ ಉದ್ಯೋಗಿ. ಪತಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮಗಳಿಗೆ 11 ವರ್ಷ, ಮಗನಿಗೆ 7. ಪ್ರತಿ ಬೇಸಿಗೆಯಲ್ಲೂ ಇಬ್ಬರನ್ನೂ ಹುಣಸೂರು ಕಡೆಯ ನನ್ನ ತವರಿಗೆ ಕಳುಹಿಸುತ್ತಿದ್ದೆ. ಅಲ್ಲಿ ಅಣ್ಣನದು ಹೊಗೆಸೊಪ್ಪಿನ ಬೇಸಾಯ. ಅಮ್ಮನಿಗೆ ಈ ವರ್ಷ ಮಂಡಿನೋವು ಹೆಚ್ಚಾಗಿದೆ. ಮೊನ್ನೆ ಫೋನಿನಲ್ಲಿ ಅತ್ತಿಗೆ, "ಮಕ್ಕಳು ಈ ಸಲ ಎಷ್ಟು ದಿನ ಇರ್ತಾರೆ, ಮೊದಲೇ ಹೇಳ್ಬಿಡು" ಎಂದರು. ಹುಟ್ಟಿದ ಮನೆಯಲ್ಲೇ ದಿನ ಎಣಿಸುವಂತಾಯಿತಲ್ಲ ಎಂದು ಸಂಕಟವಾಗುತ್ತಿದೆ. "ಮಗಳಿಗೆ ಬುದ್ಧಿ ಬಂದಿದೆ, ತಮ್ಮನನ್ನು ನೋಡಿಕೊಂಡು ಮನೆಯಲ್ಲೇ ಇರಲಿ" ಎನ್ನುತ್ತಾರೆ ಪತಿ. ನನಗೆ ಧೈರ್ಯ ಸಾಲದು. ಸಂಬಳವಿಲ್ಲದ ರಜೆ ಹಾಕಲೇ, ಕೆಲಸವನ್ನೇ ಬಿಡಲೇ?

ಉತ್ತರ: ಅತ್ತಿಗೆಯವರ ಮಾತಿನಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ಹೆಚ್ಚು ನೋವಿರುವುದು ಅಲ್ಲಿಯೇ. ಹುಣಸೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಏಪ್ರಿಲ್, ಮೇ ತಿಂಗಳುಗಳ ಬೇಸಾಯದ ಒತ್ತಡವನ್ನು ನಾನು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ನೀರುಣಿಸಿ, ಸಸಿಗಳನ್ನು ಟ್ರೇಗಳಿಗೆ ಬದಲಾಯಿಸಿ, ಒಂದೆರಡು ಮಳೆ ಬಿದ್ದೊಡನೆ ನಾಟಿಗೆ ಆಳುಗಳನ್ನು ಹೊಂದಿಸುವ ದಿನಗಳು ಮತ್ತು ಶಾಲೆಗಳಿಗೆ ಬೇಸಿಗೆ ರಜೆಯಿರುವ ದಿನಗಳು ಒಂದರ ಮೇಲೊಂದು ಬರುತ್ತವೆ. ನಾಟಿಗೆ ಬಂದವರಿಗೆ ಹೊತ್ತಿಗೆ ಸರಿಯಾಗಿ ಊಟ ಮುಟ್ಟಿಸಬೇಕಾದ ಮನೆಯಲ್ಲಿ, ಅತ್ತೆಯವರು ಮಂಡಿ ಹಿಡಿದುಕೊಂಡು ಕುಳಿತಿರುವಾಗ, ಇನ್ನಿಬ್ಬರು ಮಕ್ಕಳ ಸ್ನಾನ, ತಿಂಡಿ, ಜಗಳ, ಜ್ವರಗಳು ಯಾರ ಪಾಲಿಗೆ ಬರುತ್ತವೆ? ಇಷ್ಟು ವರ್ಷ ನಾವೆಲ್ಲ ಅಜ್ಜಿ ಮನೆ ಎಂದು ಅಕ್ಕರೆಯಿಂದ ಕರೆಯುತ್ತಾ ಬಂದ ಈ ಏರ್ಪಾಡಿನಲ್ಲಿ ಸೊಸೆಯ ಹೆಸರು ಬರುವುದೇ ಇಲ್ಲ. ಮಕ್ಕಳನ್ನು ಕಳುಹಿಸಬೇಡಿ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ಬೇಡವೆನಿಸಿದವರು ನೆಪ ಹೇಳುತ್ತಾರೆಯೇ ಹೊರತು ದಿನದ ಲೆಕ್ಕ ಕೇಳುವುದಿಲ್ಲ.

ಆದ್ದರಿಂದ ಅವರ ಪ್ರಶ್ನೆಗೆ ಉತ್ತರ ಕೊಡಿ, ಅದನ್ನೂ ಅಮ್ಮನ ಮೂಲಕವಲ್ಲದೆ ನೇರವಾಗಿ ಅವರಿಗೇ ಕೊಡಿ. "ನಾಟಿ ಯಾವಾಗ, ಅತ್ತಿಗೆ? ಅದಕ್ಕೆ ಮೊದಲು ಎರಡು ವಾರ ಮಕ್ಕಳು ಬಂದಿದ್ದರೆ ನಿಮಗೆ ಅನುಕೂಲವೇ?" ಎಂದು ಕೇಳಿ, ಬರುವ ಮತ್ತು ಹೊರಡುವ ಎರಡೂ ತಾರೀಖುಗಳನ್ನು ಹೇಳಿಬಿಡಿ. ಖರ್ಚಿನ ಮಾತು ಸೂಕ್ಷ್ಮವಾದದ್ದು. ನಗದನ್ನು ಕೈಗಿತ್ತರೆ ಅವರಿಗೆ ಅವಮಾನವೆನಿಸಬಹುದು. ಹಳ್ಳಿಯ ಮನೆಯಲ್ಲಿ ಅಕ್ಕಿ, ರಾಗಿಗೆ ಕೊರತೆಯಾಗುವುದಿಲ್ಲ. ಮಕ್ಕಳು ಬಂದಾಗ ಬೇಗ ಮುಗಿಯುವುದು ಅಡುಗೆ ಎಣ್ಣೆ, ಸಕ್ಕರೆ, ಸೋಪು ಮತ್ತು ಗ್ಯಾಸ್ ಸಿಲಿಂಡರ್. ಬಿಟ್ಟುಬರಲು ಹೋಗುವಾಗ ದಿನಸಿಯನ್ನು ಜೊತೆಗೇ ಒಯ್ಯಿರಿ, ಒಂದು ಸಿಲಿಂಡರಿನ ಹಣವನ್ನು ಅಣ್ಣನ ಖಾತೆಗೆ ಹಾಕಿಬಿಡಿ. ಮೇ ತಿಂಗಳಲ್ಲಿ ನೀವು ರಜೆಯಲ್ಲಿರುವ ದಿನಗಳಿಗೆ ಅವರ ಮಕ್ಕಳನ್ನು ಮೈಸೂರಿಗೆ ಕರೆಸಿಕೊಂಡರಂತೂ, ಕೊಡುಕೊಳ್ಳುವಿಕೆ ಎರಡೂ ಕಡೆಯದಾಗುತ್ತದೆ.

ಕಳುಹಿಸುವ ಮೊದಲು ಮಗನಿಗೆ ತಾನೇ ಸ್ನಾನ ಮಾಡುವುದನ್ನು, ಉಂಡ ತಟ್ಟೆ ತೊಳೆದಿಡುವುದನ್ನು, ಹಾಸಿಗೆ ಸುತ್ತುವುದನ್ನು ಕಲಿಸಿ. ಈ ವಯಸ್ಸಿನ ಹುಡುಗನಿಗೆ ಇದು ಕಷ್ಟವಲ್ಲ, ಅತ್ತಿಗೆಯವರಿಗಂತೂ ದೊಡ್ಡ ಉಪಕಾರ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಈಗ ಅನೇಕ ಜಮೀನುಗಳಲ್ಲಿ ಕೃಷಿಹೊಂಡಗಳಿವೆ. ಅವುಗಳ ಇಳಿಜಾರಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ನೀರು ತಗುಲಿದರೆ ಎಷ್ಟು ಜಾರುತ್ತದೆಂದರೆ, ಈಜು ಬಲ್ಲವರಿಗೂ ಹಿಡಿತ ಸಿಕ್ಕದೆ ಮೇಲೆ ಬರಲಾಗುವುದಿಲ್ಲ. ಅಣ್ಣನೇ ಇಬ್ಬರೂ ಮಕ್ಕಳನ್ನು ಕರೆದುಕೊಂಡು ಹೋಗಿ ಹೊಂಡ, ಕೆರೆ, ಬಾವಿಗಳನ್ನು ತೋರಿಸಿ, ದೊಡ್ಡವರಿಲ್ಲದೆ ಅತ್ತ ಸುಳಿಯಬಾರದೆಂದು ಹೇಳಲಿ. ಔಷಧಿ ಸಿಂಪಡಿಸಿದ ಹೊಲಕ್ಕೂ ಮಕ್ಕಳು ಹೋಗುವುದು ಬೇಡ.

ಇಷ್ಟಾದರೂ ಎರಡು ವಾರ ಮಾತ್ರ ಕಳೆಯಿತು. ನಮ್ಮ ರಾಜ್ಯದ ಶಾಲೆಗಳ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ಸುಮಾರು ಏಳು ವಾರ ಇರುತ್ತದೆ. ಉಳಿದ ಐದು ವಾರಗಳ ಬಗ್ಗೆ ಯೋಚಿಸುವಾಗ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಪಾಳಿಯ ಮಾತು. ಅಮ್ಮ, ಅತ್ತಿಗೆ, ಮಗಳು, ಕೊನೆಗೆ ನಿಮ್ಮ ಉದ್ಯೋಗ, ಹೀಗೆ ಮಕ್ಕಳ ಕಾವಲಿಗೆ ನೀವು ಹೆಸರಿಸಿದವರೆಲ್ಲ ಹೆಂಗಸರೇ. ಪತಿಯವರು ಸಲಹೆ ಕೊಡುವ ಜಾಗದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಪಾಳಿಯ ಕೆಲಸದಲ್ಲಿರುವ ತಂದೆ ಬ್ಯಾಂಕಿನ ವೇಳೆಯಲ್ಲಿ ದುಡಿಯುವ ತಾಯಿಗಿಂತ ಹೆಚ್ಚು ಹೊತ್ತು ಹಗಲಿನಲ್ಲಿ ಮನೆಯಲ್ಲಿರುತ್ತಾರೆ. ಬೆಳಗಿನ ಪಾಳಿಯ ವಾರದಲ್ಲಿ ಅವರು ಮಧ್ಯಾಹ್ನದ ನಂತರ, ಎರಡನೇ ಪಾಳಿಯ ವಾರದಲ್ಲಿ ಮಧ್ಯಾಹ್ನದವರೆಗೆ ಮಕ್ಕಳೊಂದಿಗೆ ಇರಬಲ್ಲರು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ನಿದ್ರೆ ಬೇಕು, ಅದನ್ನು ಕಸಿಯಬಾರದು. ತವರಿಗೆ ಕಳುಹಿಸುವ ದಿನಗಳನ್ನು ಆ ವಾರಕ್ಕೇ ಹೊಂದಿಸಲು ಅತ್ತಿಗೆಯವರ ಅನುಕೂಲ ನೋಡಿ ಪ್ರಯತ್ನಿಸಿ. ಪಾಳಿಪಟ್ಟಿ ಕೈಗೆ ಬಂದ ದಿನ ಇಬ್ಬರೂ ಕುಳಿತು, ಯಾರೂ ಇಲ್ಲದ ಗಂಟೆಗಳು ಯಾವುವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆ ಗಂಟೆಗಳಿಗೆ ಮಗಳನ್ನು ಹಚ್ಚುವುದು ಮಾತ್ರ ಬೇಡ. ಪಕ್ಕದ ಮನೆಯವರಿಗೆ ತಿಳಿಸಿ ಅರ್ಧ, ಮುಕ್ಕಾಲು ಗಂಟೆ ಇಬ್ಬರನ್ನೂ ಬಿಡುವುದು ಬೇರೆ, ಬೆಳಿಗ್ಗೆ ನೀವು ಹೊರಟಾಗಿನಿಂದ ಸಂಜೆ ಮರಳುವವರೆಗೆ 11ರ ಹುಡುಗಿಯನ್ನು 7ರ ಹುಡುಗನಿಗೆ ಹೊಣೆ ಮಾಡುವುದು ಬೇರೆ. ಗ್ಯಾಸ್ ಒಲೆ, ಬಾಗಿಲು ತಟ್ಟುವ ಅಪರಿಚಿತರು, ತಮ್ಮ ಬಿದ್ದು ಗಾಯ ಮಾಡಿಕೊಂಡರೆ ಬರುವ ದೂರು, ಇವನ್ನೆಲ್ಲ ಹೊರುವ ವಯಸ್ಸು ಅವಳದಲ್ಲ. ನಿಮ್ಮ ಧೈರ್ಯ ಸಾಲದಿರುವುದು ಸರಿಯಾಗಿಯೇ ಇದೆ. ಮಕ್ಕಳಿಬ್ಬರೇ ದಿನವಿಡೀ ಮುಚ್ಚಿದ ಮನೆಯಲ್ಲಿದ್ದರೆ ಮೊಬೈಲೇ ಅವರ ಆಯಾ ಆಗುತ್ತದೆ. 5ರಿಂದ 10 ವರ್ಷದ ಮಕ್ಕಳು ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಹೊತ್ತು ಪರದೆ ನೋಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಇಂಥ ಏರ್ಪಾಡಿನಲ್ಲಿ ಆ ಮಿತಿ ಮೀರಿದರೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ಇನ್ನು ಶಿಬಿರಗಳು. ಮೈಸೂರಿನವರಾದ ನಿಮಗೆ ರಂಗಾಯಣದ ಚಿಣ್ಣರ ಮೇಳ ಗೊತ್ತೇ ಇರುತ್ತದೆ. ಹಾಡು, ಕುಣಿತ, ನಾಟಕಗಳಲ್ಲಿ ಮಕ್ಕಳನ್ನು ವಾರಗಟ್ಟಲೆ ತೊಡಗಿಸುವ ಇಂಥ ಮೇಳ ನಿಮ್ಮೂರಿನ ಭಾಗ್ಯ. ಅರ್ಜಿಯ ಪ್ರಕಟಣೆಗಾಗಿ ಪತ್ರಿಕೆಗಳ ಮೇಲೆ ಕಣ್ಣಿಟ್ಟಿರಿ. ಖಾಸಗಿ ಶಿಬಿರಗಳನ್ನು ವಿಚಾರಿಸುವಾಗ ಶುಲ್ಕಕ್ಕಿಂತ ಮೊದಲು ವೇಳೆಯನ್ನು ಕೇಳಿ. ಮಧ್ಯಾಹ್ನಕ್ಕೇ ಮುಗಿಯುವ ಶಿಬಿರದಿಂದ ಮಗುವನ್ನು ಕರೆತರಲು ಯಾರಾದರೂ ಕೆಲಸದ ನಡುವೆ ಓಡಬೇಕಾದರೆ, ಅದು ನಿಮ್ಮಂಥವರಿಗೆ ನೆರವಾಗುವುದರ ಬದಲು ಇನ್ನೊಂದು ತಾಪತ್ರಯವಾಗುತ್ತದೆ. ಪತಿಯವರ ಪಾಳಿಗೆ ಹೊಂದುವುದನ್ನೇ ಆರಿಸಿ. ಮಗಳನ್ನು ಕೇಳದೆ ಅವಳ ಹೆಸರು ಬರೆಸಬೇಡಿ. ಈ ವಯಸ್ಸಿನವರು ಒಲ್ಲದ ಶಿಬಿರಕ್ಕೆ ಹೋಗುವುದಕ್ಕಿಂತ ಮನೆಯಲ್ಲಿ ಕಥೆಪುಸ್ತಕ ಹಿಡಿದು ಬೇಸರಪಡುವುದೇ ಲೇಸು. ರಜೆಯ ಪ್ರತಿ ಗಂಟೆಯಲ್ಲೂ ಏನಾದರೊಂದು ಕಲಿಯಲೇಬೇಕೆಂಬ ಈಗಿನ ಧಾವಂತ ನನಗಂತೂ ಒಪ್ಪಿಗೆಯಿಲ್ಲ.

ಉದ್ಯೋಗದ ವಿಚಾರಕ್ಕೆ ಬರೋಣ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ, ಇಡೀ ಸೇವಾವಧಿಗೆ ಸೇರಿ 180 ದಿನಗಳ ಶಿಶುಪಾಲನಾ ರಜೆ ದೊರೆಯುತ್ತಿದೆ. ನಿಮ್ಮ ಬ್ಯಾಂಕಿನ ಸೇವಾ ನಿಯಮಗಳಲ್ಲಿ ಅಂಥ ಅವಕಾಶವಿದೆಯೇ ಎಂದು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ. ಇಲ್ಲದಿದ್ದರೆ ಸಂಬಳವಿಲ್ಲದ ರಜೆಗೆ ಕೈಹಾಕುವ ಮುನ್ನ ನಿಮ್ಮ ಗಳಿಕೆ ರಜೆಯನ್ನು ಬಳಸಿ. ಮಾರ್ಚ್ ಅಂತ್ಯದ ಲೆಕ್ಕ ಮುಗಿದು ಲೆಕ್ಕಪರಿಶೋಧಕರು ಬಂದು ಕೂರುವ ಏಪ್ರಿಲ್‌ನಲ್ಲಿ ರಜೆ ಸಿಗುವುದು ಕಷ್ಟ. ಮೇ ತಿಂಗಳಿಗೆ ಈಗಲೇ ಅರ್ಜಿ ಕೊಡಿ, ತಡಮಾಡಿದರೆ ಸಹೋದ್ಯೋಗಿಗಳ ಅರ್ಜಿಗಳು ಮುಂದಿರುತ್ತವೆ. ಪತಿಯವರೂ ತಮ್ಮ ಕಾರ್ಖಾನೆಯಲ್ಲಿ ಒಂದು ವಾರ ರಜೆ ಕೇಳಲಿ, ಆದರೆ ಅದು ನಿಮ್ಮ ರಜೆಯ ವಾರವಾಗಿರಬಾರದು.

ಏಳು ವಾರಗಳ ತೊಡಕಿಗಾಗಿ ವರ್ಷವಿಡೀ ನಡೆಯುವ ಉದ್ಯೋಗವನ್ನು ಬಿಡುವ ಮಾತು ಸದ್ಯಕ್ಕೆ ಬೇಡ. ಮಗನಿಗೆ ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಇಷ್ಟೊಂದು ಕಾವಲು ಬೇಕಾಗುವುದಿಲ್ಲ, ಬಿಟ್ಟ ಕೆಲಸ ಮಾತ್ರ ಆಗ ಮರಳಿ ಸಿಗುವುದಿಲ್ಲ. ಮಕ್ಕಳು ತವರಿನಲ್ಲಿರುವಾಗ ಭಾನುವಾರಗಳಂದು ನೀವೂ ಹೋಗಿಬನ್ನಿ. ಶಕ್ತಿ ಯೋಜನೆಯಿಂದಾಗಿ ನಿಮಗೆ, ಮಗಳಿಗೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹಣ ಕೊಡಬೇಕಾಗಿಲ್ಲ, ಮಗನಿಗೆ ಅರ್ಧ ಟಿಕೆಟ್ ಸಾಕು. ಹೋದ ದಿನ ಅಡುಗೆಮನೆಯನ್ನು ನೀವು ವಹಿಸಿಕೊಂಡು, ಅತ್ತಿಗೆಯವರನ್ನು ಅವರ ತವರಿಗೋ ಹುಣಸೂರಿನ ಪೇಟೆಗೋ ಕಳುಹಿಸಿಕೊಡಿ.